ಗೆರೆಗಿಂತ ಕೂದಲೆಳೆ ಕೆಳಗೆ

ಕ್ರಾಲ್ಯೆವೊ ಊರಿನ ಕಾರ್ಖಾನೆಯಲ್ಲಿ ಸ್ತಾನೊಯ್ಕಳ ಕೆಲಸ ಇಷ್ಟೇ: ಹೆಬ್ಬೆರಳುದ್ದದ ವಾಲ್ವಿಗೆ ಕರೆಂಟ್ ಕೊಡುವುದು, ಅದು ಎಷ್ಟು ಗಾಳಿಯೊತ್ತಡ ಬಿಡುತ್ತದೆಂದು ಮೀಟರಿನ ಮುಳ್ಳು ನೋಡುವುದು, ತಿರುಪು ತಿರುಗಿಸಿ ಮುಳ್ಳನ್ನು ಕೆಂಪು ಗೆರೆಗೆ ಕೂರಿಸುವುದು. ಕಾರಿನಲ್ಲಿ ಕೂತವರು ಗುಂಡಿ ಒತ್ತಿದರೆ ಆ ಒತ್ತಡವೇ ಒಳಗಿನ ಮುಚ್ಚಳ ತೆರೆದು ತಂಪುಗಾಳಿಯನ್ನು ಮುಖಕ್ಕೆ ಬಿಡುತ್ತದೆ. ಇಪ್ಪತ್ತಾರು ವರ್ಷ ಇದೇ ಕೆಲಸ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಪಿಂಚಣಿಗೆ ಇನ್ನು ಮೂರೇ ತಿಂಗಳು.

ಆದರೆ ಹನ್ನೊಂದು ವರ್ಷದಿಂದ ಅವಳು ಮುಳ್ಳನ್ನು ಗೆರೆಗೆ ಮುಟ್ಟಿಸಿರಲೇ ಇಲ್ಲ. ಕೂದಲೆಳೆಯಷ್ಟು ಕೆಳಗೇ ಬಿಡುತ್ತಿದ್ದಳು. ಗಂಡ ಮಿಲಿಸಾವ್ ಲಾರಿಯ ಎರಡೂ ಕಿಟಕಿ ತೆರೆದು ಓಡಿಸಿಕೊಂಡು ಬಂದ ದಿನವೇ ಅವನ ಬಾಯಿ ಸೊಟ್ಟಗಾಗಿ, ಎಡಗೈ ಬಿದ್ದುಹೋಗಿತ್ತು. ಅಡ್ಡಗಾಳಿ ಬಡಿಯಿತು ಎಂದ. ಎದುರುಬದುರು ತೆರೆದ ಕಿಟಕಿ-ಬಾಗಿಲ ನಡುವೆ ನುಗ್ಗುವ ಗಾಳಿ ಆಳನ್ನೇ ಕೆಡವುತ್ತದೆಂದು ಆ ಊರಿನ ನಂಬಿಕೆ; ಅಡ್ಡಗಾಳಿ ಎಂದಮೇಲೆ ಅಲ್ಲಿ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಇನ್ನೊಬ್ಬರ ಮನೆಯ ಗಂಡಸಿಗೆ ಈ ಗತಿ ಬಾರದಿರಲಿ ಎಂದು ಇವಳು ತಿರುಪು ಸಡಿಲ ಬಿಟ್ಟಳು.

ಈ ಸಲ ಹೊಸ ಗಿರಾಕಿ, ಗಾಳಿ ಸಾಲದೆಂದು ನಾನೂರು ವಾಲ್ವು ವಾಪಸ್ ಕಳಿಸಿದ. ಎಲ್ಲದರ ಮೇಲೂ ಅವಳದೇ ಮುದ್ರೆ.

ಮೇಲ್ವಿಚಾರಕ ಬೊರಿವೊಯೆ ಕರೆಸಿದ. "ಏನಕ್ಕಾ ಇದು? ಕಣ್ಣು ಮಂಜಾಯ್ತಾ?"

"ಕಣ್ಣಿಗೇನಾಗಿದೆ? ಬೇಕಂತಲೇ ಮಾಡಿದ್ದು. ಅಷ್ಟು ಗಾಳಿ ಮುಖಕ್ಕೆ ಬಡಿದ್ರೆ ಮನುಷ್ಯ ಉಳೀತಾನೇನೋ?"

ಬೊರಿವೊಯೆ ಹಣೆ ಚಚ್ಚಿಕೊಂಡ. ಆದರೂ ಎದ್ದು ಬಾಗಿಲು ಹಾಕಿ ಬಂದ. ಬೆನ್ನ ಹಿಂದೆ ಕಿಟಕಿ ತೆರೆದಿತ್ತಲ್ಲ, ಅವನಿಗೂ ಪ್ರಾಣಭಯ! "ನಾನೂರನ್ನೂ ಗೆರೆಗೆ ತಂದುಕೊಡು. ಮೀಟರ್ ಕೆಟ್ಟಿತ್ತು ಅಂತ ಬರ್ಕೋತೀನಿ. ಇಲ್ಲಾಂದ್ರೆ ನಾಳೇನೇ ಮನೆಗೆ ಹೋಗು, ಪೂರ್ತಿ ಪಿಂಚಣಿಗೆ ಎಳ್ಳುನೀರು ಬಿಡು."

ಒಂಬತ್ತು ದಿನ ಹಿಡಿಯಿತು. ಒಂದೊಂದು ತಿರುಪಿಗೂ ಯಾರದೋ ಸೊಟ್ಟ ಬಾಯಿ ಕಣ್ಣಮುಂದೆ ಬರುತ್ತಿತ್ತು. ಪಾಪ ಕಟ್ಟಿಕೊಳ್ಳುತ್ತಿದ್ದೇನಲ್ಲ ದೇವರೇ ಎಂದು ಅಳುತ್ತಲೇ ತಿರುಗಿಸಿದಳು.

ಒಂಬತ್ತನೆಯ ದಿನ ಮನೆಗೆ ಬಂದು ಮಿಲಿಸಾವನಿಗೆ ಕಾಳಿನ ಸಾರು ಕುಡಿಸುತ್ತ ಎಲ್ಲ ಹೇಳಿಕೊಂಡಳು. "ನಾನೂರು ಜನ, ಕಣ್ರೀ. ನಿಮಗಾದ್ದೇ ಅವರಿಗೂ ಆದ್ರೆ?"

ಮಿಲಿಸಾವ್ ಬಲಗೈಯಿಂದ ಚಮಚವನ್ನು ಪಕ್ಕಕ್ಕೆ ಸರಿಸಿದ. "ಅಳಬೇಡ್ವೇ. ಗಾಳಿ ಅಲ್ಲ ಅದು. ಬಿಪಿ ಗುಳಿಗೆ ಕೊಟ್ಟಿದ್ರು, ನಾನೇ ನುಂಗ್ತಿರ್ಲಿಲ್ಲ. ಬೈತೀಯಾ ಅಂತ ಹೆದರಿ ಗಾಳಿ ಅಂದೆ. ನಿಂಗೆ ಹೇಳಬೇಡಿ ಅಂತ ಡಾಕ್ಟ್ರಿಗೂ ಕೈಮುಗಿದಿದ್ದೆ."

ಹನ್ನೊಂದು ಬೇಸಿಗೆ ಈ ಮನೆಯ ಕಿಟಕಿ ಮುಚ್ಚಿಕೊಂಡು ಬೆಂದಿದ್ದಳು. ಕೊಂದುಬಿಡುವಷ್ಟು ಸಿಟ್ಟು ಬಂತು. ಬೈಯುವಷ್ಟು ತ್ರಾಣ ಉಳಿದಿರಲಿಲ್ಲ; ಚಮಚವನ್ನು ಮತ್ತೆ ಸಾರಿಗೆ ಅದ್ದಿದಳು.

"ಬಾಯಿ ತೆಗೀರಿ," ಎಂದಳು, "ಸಾರು ಆರಿಹೋಗ್ತಿದೆ."