ಅತ್ತೆಯ ಮುಖ, ಭೀಮಬಾಯಿಯ ಹೆಸರು, ವೂಡೂ ರಾಣಿಯ ಕಥೆ

ಹೋದ ತಿಂಗಳು ನಮ್ಮ ಅತ್ತೆ ಮಾಟಗಾತಿ ಆದರು.

ನಾನು ಹೇಳಿದ್ದಲ್ಲ. (ಸೊಸೆ ಹೇಳಿದ್ದರೆ ಅದು ಸುದ್ದಿಯೇ ಆಗುತ್ತಿರಲಿಲ್ಲ.) ಯೂಟ್ಯೂಬ್ ಹೇಳಿತು. ‘ಮಟಕಿಯ ವೂಡೂ ರಾಣಿ: ಬೆಚ್ಚಿಬೀಳಿಸುವ ಸತ್ಯ’ ಅಂತ ಒಂದು ವಿಡಿಯೋ. ಥಂಬ್‌ನೇಲಿನಲ್ಲಿ ನಮ್ಮ ಅತ್ತೆ ಶರಣಮ್ಮ. ಹಣೆಯ ವಿಭೂತಿ ಅಳಿಸಿ, ಕಣ್ಣಿಗೆ ಕೆಂಪು ಬಣ್ಣ ತುಂಬಿದ್ದರು. ಹೆಗಲ ಮೇಲೆ ಹಾವು. ಮೈದುನನ ಮಗಳ ಮದುವೆಯಲ್ಲಿ ತೆಗೆದ ಫೋಟೋ ಅದು. ಹಾವಿನ ಜಾಗದಲ್ಲಿ ಅಸಲಿಗೆ ಇದ್ದದ್ದು ಶಾಲು.

ಆಳಂದದ ನಮ್ಮ ಮನೆಗೆ ಬೀಗರ ಫೋನ್ ಮೇಲೆ ಫೋನ್. ಲಿಂಗಪೂಜೆ ಮುಗಿಸದೆ ಚಹಾ ಮುಟ್ಟದ ನಮ್ಮವ್ವನಿಗೆ ಇಂಥ ಅವಮಾನವೇ ಅಂತ ಯಜಮಾನರು ಕುದಿದರು. ಆದರೆ ವಿಡಿಯೋ ಪೂರ್ತಿ ನೋಡಿದವಳು ನಾನೊಬ್ಬಳೇ. ಅದರಲ್ಲಿ ಮುಖ ಮಾತ್ರ ಅತ್ತೆಯದು. ಕಥೆ ಭೀಮಬಾಯಿಯದು.

ಯಾರು ಈ ಭೀಮಬಾಯಿ? ಯಜಮಾನರ ಊರು ಮಟಕಿಯಲ್ಲಿ ಹಿಂದೆ ಇದ್ದ ಸೂಲಗಿತ್ತಿ. ತೀರಿಕೊಂಡು ಎಷ್ಟೋ ವರ್ಷಗಳಾದವು. ಆಕೆ ಭಾನಾಮತಿ ಮಾಡುತ್ತಿದ್ದಳು ಅನ್ನುವ ಗುಲ್ಲು ಮಾತ್ರ ಸತ್ತಿಲ್ಲ. (ಮಾಟಕ್ಕೆ ನಮ್ಮ ಕಡೆಯ ಹೆಸರು ಭಾನಾಮತಿ. ಮಾಳಿಗೆ ಮೇಲೆ ಕಲ್ಲು ಬಿದ್ದರೂ ಅದೇ, ಎಮ್ಮೆ ಹಾಲು ಬಿಡದಿದ್ದರೂ ಅದೇ, ಅಳಿಯ ಮಾತು ಕೇಳದಿದ್ದರೂ ಅದೇ.) ಆ ಗುಲ್ಲು ಸಾಲದು ಅಂತ ವಿಡಿಯೋದಲ್ಲಿ ಆಕೆಯ ಕೈಗೆ ಹಾವು ಕೊಟ್ಟಿದ್ದರು, ಸೂಜಿ ಚುಚ್ಚಿದ ಗೊಂಬೆ ಕೊಟ್ಟಿದ್ದರು.

ಚಾನೆಲ್ ನಡೆಸುವವನು ಪ್ರಶಾಂತ ಅಂತ. ಬಸ್ ಸ್ಟ್ಯಾಂಡ್ ಹಿಂದೆ ಅವನ ರೂಮು. ಜಗಳಕ್ಕೆಂದೇ ಹೋದೆವು. ಆತ ಚಹಾ ತರಿಸಿದ. ವಿನಯವಂತ. ಅಮೆರಿಕದ ವೂಡೂ ರಾಣಿಯ ವಿಡಿಯೋ ಒಂದನ್ನು ಕನ್ನಡಕ್ಕೆ ತಂದೆ, ಊರಿನ ಹೆಸರು ಬದಲಿಸಿದೆ ಅಷ್ಟೇ ಅಂದ. ಭೀಮಬಾಯಿಯ ಫೋಟೋ ಎಲ್ಲೂ ಸಿಗಲಿಲ್ಲವಂತೆ. ಯಾರದೋ ಸ್ಟೇಟಸ್ಸಿನಲ್ಲಿ ಮಟಕಿಯ ಅಜ್ಜಿಯೊಬ್ಬರು ಸಿಕ್ಕರಂತೆ. ಸಂಜೆಯೊಳಗೆ ಫೋಟೋ ಬದಲಿಸುತ್ತೇನೆ ಅಂತ ಮಾತು ಕೊಟ್ಟ. ಯಜಮಾನರ ಸಿಟ್ಟು ಇಳಿಯಿತು. ಮನೆತನದ ಮಾನ ವಾಪಸ್ ಬಂತಲ್ಲ! ಭೀಮಬಾಯಿಯ ಮಾನ? ಅದು ನಮ್ಮ ಅಜೆಂಡಾದಲ್ಲೇ ಇರಲಿಲ್ಲ.

ಮನೆಗೆ ಬಂದು ಆ ಅಮೆರಿಕದ ರಾಣಿಯನ್ನು ಹುಡುಕಿ ಓದಿದೆ. ನ್ಯೂ ಆರ್ಲಿಯನ್ಸ್ ಅನ್ನುವ ಊರು. ಕಪ್ಪು ಜನ ಗುಲಾಮರಾಗಿದ್ದ ಕಾಲದಲ್ಲಿ ಸ್ವತಂತ್ರಳಾಗಿ ಬದುಕಿದ ಹೆಂಗಸು. ಚರ್ಚಿಗೆ ಹೋಗುತ್ತಿದ್ದಳು. ಜ್ವರದ ಪಿಡುಗು ಬಂದಾಗ ರೋಗಿಗಳ ಆರೈಕೆ ಮಾಡಿದಳು ಅನ್ನುತ್ತಾರೆ. ಶ್ರೀಮಂತ ಹೆಂಗಸರ ತಲೆ ಬಾಚುತ್ತ ಮನೆಮನೆಯ ಗುಟ್ಟು ತಿಳಿದುಕೊಳ್ಳುತ್ತಿದ್ದಳು ಅನ್ನುವ ಪ್ರಸಿದ್ಧ ಕಥೆಗೆ ಗಟ್ಟಿ ದಾಖಲೆಯೇ ಇಲ್ಲವಂತೆ. ವೂಡೂ ಅಂದರೂ ಮಾಟವಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನ ಜೀವದ ಜೊತೆ ಉಳಿಸಿಕೊಂಡ ಧರ್ಮ. ಹೈಟಿಯಲ್ಲಿ ಗುಲಾಮರು ದಂಗೆ ಎದ್ದಾಗ ಮುಂದೆ ನಿಂತವರಲ್ಲಿ ಒಬ್ಬ ಪೂಜಾರಿಣಿಯೂ ಇದ್ದಳು ಅಂತ, ಆಕೆಯೂ ಇದೇ ಧರ್ಮದವಳು ಅಂತ ಅಲ್ಲಿಯವರು ನೆನೆಯುತ್ತಾರೆ. ಗುಲಾಮರ ಮಾಲೀಕರಿಗೆ ಅದು ಮಾಟವಾಗಿ ಕಾಣದೆ ಇನ್ನೇನು? ಸೂಜಿ ಚುಚ್ಚಿದ ಗೊಂಬೆಯಂತೂ ಬಹುಪಾಲು ಸಿನಿಮಾದವರ ದಾನ.

ಅಷ್ಟರಲ್ಲಿ ಸುಜಾತಾಳ ಫೋನ್ ಬಂತು. ಭೀಮಬಾಯಿಯ ಮೊಮ್ಮಗಳು ಆಕೆ, ನನ್ನ ಹಳೆಯ ವಿದ್ಯಾರ್ಥಿನಿ. ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ದವಾಖಾನೆಯಲ್ಲಿ ನರ್ಸ್. ವಿಡಿಯೋ ಅಲ್ಲಿಗೂ ಹೋಗಿತ್ತು. ರೇಣುಕಾ ಅನ್ನುವ ತುಂಬು ಗರ್ಭಿಣಿಯನ್ನು ಅವಳ ಅತ್ತೆ ದವಾಖಾನೆಗೆ ಕಳಿಸುತ್ತಿಲ್ಲವಂತೆ. ಮಾಟಗಾತಿಯ ಮೊಮ್ಮಗಳು ಮುಟ್ಟುವುದು ಬೇಡ, ಮನೆಯಲ್ಲೇ ಹೆರಲಿ ಅಂತ ಹಟ.

“ಟೀಚರ್, ನನಗ ಏನರ ಅನ್ಲಿ,” ಅಂದಳು ಸುಜಾತಾ. “ಆ ಹುಡುಗಿಗಿ ಬಿಪಿ ಭಾಳ ಅದ. ಮನ್ಯಾಗ ಇಟ್ಕೊಂಡ್ರ ಉಳಿಯೂದು ಕಷ್ಟ.”

ಫೋನ್ ಸ್ಪೀಕರಿನಲ್ಲಿತ್ತು. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

“ಆ ಪ್ರಶಾಂತಗ ಹೇಳು. ನನ್ನ ಫೋಟೋ ತೆಗೀಬ್ಯಾಡ. ಆ ಸುಳ್ಳು ಮಾತು ತೆಗಿ. ಖರೇ ಏನಂತ ನಾ ಹೇಳ್ತೀನಿ.”

ಅವ್ವಾ ನಿನಗ್ಯಾಕ ಈ ಉಸಾಬರಿ ಅಂತ ಯಜಮಾನರು ರೇಗಿದರು. ಅತ್ತೆ ಮಗನ ಕಡೆ ತಿರುಗಿದರು. ನೀನು ಹುಟ್ಟುವಾಗ ಕಾಲು ಮುಂದ ಮಾಡಿ ಬಂದಿದ್ದಿ, ತಿರುಗಿಸಿ ಎಳಕೊಂಡಾಕಿ ಭೀಮಬಾಯಿ ಅಂದರು.

ಮರುದಿನ ಅತ್ತೆ ಕ್ಯಾಮೆರಾದ ಮುಂದೆ ಕೂತು ಹೇಳಿದರು. ತವರು ಅತನೂರಿನಿಂದ ಮಟಕಿಗೆ ಸೊಸೆಯಾಗಿ ಬಂದಾಗ ಅವರನ್ನೂ ಭೀಮಬಾಯಿಯ ಹೆಸರು ಹೇಳಿಯೇ ಹೆದರಿಸಿದ್ದರಂತೆ. ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುತ್ತಾಳೆ ಅಂತ. ಕೂಸುಗಳು ಹೊತ್ತು ನೋಡಿ ಹುಟ್ಟುತ್ತಾವೇನು? ಒಲೆ ಮುಂದೆ ಕೂತು ಏನೋ ಕುದಿಸುತ್ತಾಳೆ ಅಂತ. ಕುದಿಯುತ್ತಿದ್ದದ್ದು ಹೊಕ್ಕುಳಬಳ್ಳಿ ಕಟ್ಟುವ ದಾರ, ಕೊಯ್ಯುವ ಬ್ಲೇಡು. ಹಿತ್ತಿಲಲ್ಲಿ ಹೂಳುತ್ತಿದ್ದದ್ದು ಹೆರಿಗೆಯ ಮಾಸು. ಬಾಯಲ್ಲಿ ಮಣಮಣ ಅನ್ನುತ್ತಿದ್ದದ್ದು ಮಂತ್ರವಲ್ಲ, ‘ಜರಾ ತಡಿ, ಈಗ ಉಸಿರು ಬಿಡು’ ಅಂತ.

ಕೊನೆಗೆ ಅತ್ತೆ ಇಷ್ಟು ಹೇಳಿ ಎದ್ದರು. “ಹೆರಿಗಿಗಿ ಆಕಿ ಬೇಕಿತ್ರಿ. ಆಕಿ ಹೊರಗ ಹೋದ ಮ್ಯಾಲ ಹೊಸ್ತಿಲಾ ತೊಳಿಸ್ತಿದ್ರು. ಖರೇ ಮಾಟ ಬರ್ತಿದ್ರ, ಆಕಿ ಮದ್ಲ ನಮ್ಮ ಮನಿಗೇ ಮಾಡ್ತಿದ್ಳು.”

ಪ್ರಶಾಂತ ಹಳೆಯ ವಿಡಿಯೋ ತೆಗೆದ, ಹೊಸದು ಹಾಕಿದ. ಹಳೆಯದನ್ನು ತಾಲೂಕಿಗೆ ತಾಲೂಕೇ ನೋಡಿತ್ತು. ಹೊಸದನ್ನು ನಮ್ಮ ಬೀಗರು ನೋಡಿದರು. ಒಬ್ಬಾತ ಕೆಳಗೆ ಕಾಮೆಂಟ್ ಹಾಕಿದ: ‘ಮಾಟಗಾತಿಯೇ ಸ್ವತಃ ಒಪ್ಪಿಕೊಂಡಿದ್ದಾಳೆ.’

ಇದು ಫೋನಿನಲ್ಲಿ ಮುಗಿಯುವ ಕೆಲಸವಲ್ಲ ಅಂತ ಅತ್ತೆ ಸೀರೆ ಬದಲಿಸಿದರು. ರೇಣುಕಾಳ ಊರಿಗೆ ನನ್ನನ್ನೂ ಮಗನನ್ನೂ ಹೊರಡಿಸಿದರು. ಜೇವರ್ಗಿ ಕಡೆಯ ಬಸ್ಸು ಕಿಕ್ಕಿರಿದಿತ್ತು. ಅತ್ತೆಯ ಮುಖ ನೋಡಿದ್ದೇ ಇಬ್ಬರು ಎದ್ದು ಸೀಟು ಬಿಟ್ಟರು. (ಹಿರಿಯ ನಾಗರಿಕರಿಗೆ ಅಂತ ಬರೆದ ಸೀಟು ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ವೂಡೂ ಕೊಡಿಸಿತು.)

ರೇಣುಕಾಳ ಅತ್ತೆ ಬಾಗಿಲಲ್ಲೇ ಬೆವತಳು. ನಮ್ಮ ಅತ್ತೆ ನೀರು ಕೇಳಿ ಕುಡಿದು, ಕಟ್ಟೆಯ ಮೇಲೆ ಕೂತು, ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದ ಮಗನನ್ನು ತೋರಿಸಿದರು.

“ನೋಡ್ರಿ. ಭೀಮಬಾಯಿ ಕೈಯಾಗ ಹುಟ್ಯಾನ. ಮಾಟ ತಾಗಿದ್ರ ಹಿಂಗ ದಪ್ಪ ಆಗ್ತಿದ್ನೇನ್ರಿ?”

ಒಳಗಿನಿಂದ ರೇಣುಕಾ ನಕ್ಕಿದ್ದು ಕೇಳಿಸಿತು. ಮುಖ ಬಾತಿತ್ತು, ಕಾಲು ಬಾತಿತ್ತು. ಆದರೂ ನಕ್ಕಳು. ಆಮೇಲೆ ತಾನೇ ಚಪ್ಪಲಿ ಹಾಕಿಕೊಂಡು ಹೊರಗೆ ಬಂದಳು. ಅವಳ ಅತ್ತೆ ತಡೆಯಲಿಲ್ಲ.

ಸುಜಾತಾ ಬಿಪಿ ನೋಡಿದ್ದೇ ಡಾಕ್ಟರನ್ನು ಕರೆದಳು, ಆಂಬುಲೆನ್ಸ್ ತರಿಸಿದಳು. ಜೇವರ್ಗಿಯ ದೊಡ್ಡ ದವಾಖಾನೆಯವರೆಗೆ ರೇಣುಕಾಳ ಕೈ ಹಿಡಿದುಕೊಂಡೇ ಹೋದಳು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಹುಷಾರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ರೇಣುಕಾಳ ಅತ್ತೆ ಕಣ್ಣೊರೆಸಿಕೊಂಡಳು, ಸುಜಾತಾಳ ಕೈ ಹಿಡಿದು ತಪ್ಪಾಯ್ತವ್ವ ಅಂದಳು. ಪತ್ರಿಕೆಯ ಈ ಕಾಲಂ ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಆಕೆ ಕೈ ಬಿಡಲಿಲ್ಲ. ಸುಜಾತಾಳನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ, ಸಣ್ಣ ದನಿಯಲ್ಲಿ ಕೇಳಿದಳು: “ಮುಂದಿನದು ಗಂಡು ಆಗೂಹಂಗ ಏನರ ಮಾಡಾಕ ಬರ್ತದೇನವ್ವ? ನಿಮ್ಮಜ್ಜಿ ಕಲಿಸಿರಬೇಕಲ್ಲ?”

ಸುಜಾತಾ ಬಾಣಂತಿಯ ಕಬ್ಬಿಣಾಂಶದ ಮಾತ್ರೆಗಳನ್ನು ಆಕೆಯ ಕೈಗಿಟ್ಟು ಒಳಗೆ ಹೋದಳು.

ಭೀಮಬಾಯಿಯನ್ನು ಮಾಟಗಾತಿ ಮಾಡಿದ್ದು ಬರೀ ಯೂಟ್ಯೂಬ್ ಅಂತ ಇನ್ನು ನಾನು ಹೇಗೆ ನಂಬಲಿ?