ಬಸಣ್ಣನ ಹವಾ

ಗೆಳೆಯರೇ, ಇವತ್ತು ನನ್ನ ಹೊಟ್ಟೆ ಎರಡು ಸಲ ಉರಿಯಿತು. ಬೆಳಿಗ್ಗೆ ಸೈಕಲ್ ಹಿಡಿದು ನಗರದ ಮೆಹದಿಪಟ್ಟಣಂ ಸಿಗ್ನಲ್ಲಿನಲ್ಲಿ ಬಸ್ಸಿನ ಹೊಗೆ ಕುಡಿಯುತ್ತ ನಿಂತಿದ್ದೆ. ರಜೆ ಹಾಕಿ ಗುಡ್ಡದ ಗರಸಿನ ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯಲು ಹೋದ ನಮ್ಮ ಆಫೀಸಿನ ಬಸಣ್ಣ ಫೋನ್ ಮಾಡಿದರು.

“ಒಂದ ಗಾಡಿ ಇಲ್ರಿ ಇಲ್ಲಿ! ಹವಾ ಅಂತೂ ಭಾಳ ಛಲೋ ಐತ್ರಿ!”

ಕೇಳಿಸದವನಂತೆ ಫೋನಿಟ್ಟೆ.

ಮಧ್ಯಾಹ್ನ ಮತ್ತೆ ಅವರೇ. “ಟೈರಿನ ಹವಾ ಹೋತ್ರಿ. ಪಂಪ್ ಮರತ ಬಂದೇನಿ. ಎರಡ ತಾಸಾತು, ಒಂದ ಗಾಡಿ ಬರವಲ್ದು.”

“ಹವಾ ಛಲೋ ಐತಿ ಅಂದಿದ್ರಲ್ಲ, ಅದನ್ನ ತುಂಬ್ಕೋರಿ” ಎಂದೆ. ಜೀವ ತಣ್ಣಗಾಯಿತು.

“ಅವಸರ ಏನೈತ್ರಿ, ಗಿಡದ ಬುಡಕ ಮಲ್ಕೊಂಡೇನಿ” ಎಂದರು ಬಸಣ್ಣ. ಫೋನಿನಲ್ಲಿ ಅವರ ಮಾತಿನ ಹಿಂದೆ ಹಕ್ಕಿ ಕೂಗುತ್ತಿತ್ತು.

ಮೆಹದಿಪಟ್ಟಣಂನಲ್ಲಿ ಪಂಚರಾದರೆ ಎದುರಿಗೇ ಅಂಗಡಿ. ಮಲಗುವ ಯೋಗವೂ ಇಲ್ಲ.