ಕಿಟಕಿಗೆ ಕಟ್ಟಿದ್ದ ಮಗಳು

ಕೊರ್ಲಹಳ್ಳಿಯ ಆ ಮನೆಯೊಳಗೆ ಕಾಲಿಟ್ಟವಳೇ ಬೆಚ್ಚಿಬಿದ್ದೆ. ಏಳೆಂಟು ವರ್ಷದ ಹುಡುಗಿಯ ಸೊಂಟಕ್ಕೆ ಹಳೆಯ ಸೀರೆ ಬಿಗಿದು, ಅದರ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ವಿಶೇಷ ಮಕ್ಕಳ ಶಿಕ್ಷಕಿಯಾದ ನನಗೆ ಸಿಟ್ಟು ನೆತ್ತಿಗೇರಿತು. ತಾಯಿಯನ್ನು ಗದರಿಸಿದೆ.

“ಹೊಳಿ ಮಗ್ಗಲದಾಗ ಐತ್ರಿ ಅಕ್ಕಾರ. ಕರದ್ರ ತಿರುಗಿ ನೋಡಂಗಿಲ್ಲ, ನೀರು ಕಂಡ್ರ ಓಡ್ತಾಳ. ನಾ ರೊಟ್ಟಿ ಬಡಿಯೋತನಕ ಯಾರು ಕಾಯಬೇಕ್ರಿ?” ಎಂದು ಆಕೆ ಅತ್ತೇಬಿಟ್ಟಳು.

ನಾನು ಗಂಟು ಬಿಚ್ಚಿದೆ. ಇಂಥ ಮಕ್ಕಳಿಗೂ ಶಾಲೆಯಲ್ಲಿ ಜಾಗವಿದೆ, ಬರಲಾಗದಿದ್ದರೆ ಮನೆಗೇ ಬಂದು ಕಲಿಸುತ್ತೇವೆ ಎಂದೆ. ಆಕೆ ನನ್ನನ್ನೇ ದಿಟ್ಟಿಸಿದಳು. “ಖರೇನ್ರಿ? ಮತ್ತ ನಮಗ್ಯಾಕ ಯಾರೂ ಹೇಳಲಿಲ್ರಿ?”

ಹುಡುಗಿ ಈಗ ಅಮ್ಮನ ಕೈ ಹಿಡಿದು ಶಾಲೆಗೆ ಬರುತ್ತಾಳೆ. ನಾನೋ, ಯಾವ ಊರಿಗೆ ಹೋದರೂ ಮೊದಲು ಅಮ್ಮಂದಿರ ಪಕ್ಕ ಕುಳಿತು, ಹೊರಗೆ ಕಾಣಿಸದ ಮಕ್ಕಳನ್ನು ವಿಚಾರಿಸುತ್ತೇನೆ. ಗದರುವುದನ್ನು ಬಿಟ್ಟಿದ್ದೇನೆ.